ತಮ್ಮನಿಗೆ ಹೇಳದೆ ಉಳಿದ ರೋಗ

ಶಿವಪ್ಪಾ, ನಿನ್ನ ಅಪ್ಪ ಬದುಕಬಹುದಿತ್ತು. ಅವನ ಒಡಹುಟ್ಟಿದ ಅಣ್ಣನಾದ ನಾನು ಒಂದು ಮಾತು ಮುಚ್ಚಿಟ್ಟೆ — ಅದಕ್ಕೇ ಹೋದ.

ಬನಹಟ್ಟಿ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ನನಗೆ ಮಲದಲ್ಲಿ ರಕ್ತ ಬೀಳುತ್ತಿತ್ತು. ನೂಲು ತರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಮಿರಜಕ್ಕೆ ಹೋದೆ. ಡಾಕ್ಟರು ನನ್ನನ್ನು ಮೇಜಿನ ಮೇಲೆ ಮೊಣಕಾಲೂರಿಸಿ, ಹಿಂದಿನಿಂದ ಕಬ್ಬಿಣದ ನಳಿಗೆ ಹಾಕಿ ನೋಡಿದರು. ಎಳೆಯ ವಯಸ್ಸಿಗೇ ಸಾಲೆ ಬಿಟ್ಟು ದುಡಿದು, ಯಾರ ಮುಂದೂ ತಲೆ ಬಾಗಿಸದ ನಾನು — ಆ ಮೇಜಿನ ಮೇಲೆ... ಇರಲಿ. ದೊಡ್ಡ ಕರುಳಿನ ಒಳಗೋಡೆಗೆ ಮಾಂಸದ ಗಂಟುಗಳಿದ್ದವು. ಪಾಲಿಪ್ ಎಂದರು. ಸಿಕ್ಕವನ್ನು ಸುಟ್ಟು ತೆಗೆದರು. ಎಲ್ಲ ಗಂಟೂ ಕೆಡುವುದಿಲ್ಲ, ಹಾಗೇ ಬಿಟ್ಟರೆ ಕೆಲವು ಮುಂದೆ ಕ್ಯಾನ್ಸರ್ ಆಗುತ್ತವೆ ಎಂದರು.

"ನಿಮ್ಮಪ್ಪನೂ ರಕ್ತ ಹೋಗೇ ಸತ್ತಾನಂತಿ. ಇದು ಮನಿತನದಾಗ ಬರತೈತಿ. ತಮ್ಮ ಅದಾನಲ್ಲ, ಕರಕೊಂಡ ಬಾ."

ಕರೆದೊಯ್ಯಲಿಲ್ಲ. ಕರೆದೊಯ್ದರೆ ನನ್ನ ಸುಳ್ಳು, ಆ ಮೇಜು — ಎಲ್ಲ ಹೇಳಬೇಕಿತ್ತು.

ಕೆಲವು ವರ್ಷದ ಮೇಲೆ, ಇಬ್ಬರೂ ನೇಯುತ್ತಿದ್ದಾಗ, ನಿನ್ನಪ್ಪ ಲಾಳಿ ನಿಲ್ಲಿಸಿ ಕೇಳಿದ:

"ಅಣ್ಣಾ, ರಕ್ತ ಬೀಳಾಕತ್ತೈತಿ. ನಿನಗ ಯಾವಾಗರೆ ಹಿಂಗ ಆಗಿತ್ತೇನ?"

ನಿಜ ಬಾಯಿಗೆ ಬಂದಿತ್ತು ಕೂಡ. ಆದರೆ ಅಂದದ್ದು ಬೇರೆ:

"ನನಗ್ಯಾಕ ಆಗತೈತಲೇ? ಕುಣಿಯಾಗ ಕುಂತ ಕುಂತ ಮೂಲವ್ಯಾಧಿ ಆಗೈತಿ ನಿನಗ. ಮಜ್ಜಗಿ ಕುಡಿ."

ನೇಕಾರರ ಓಣಿಯಲ್ಲಿ ಆ ಮಾತನ್ನು ಯಾರೂ ಸಂಶಯಿಸುವುದಿಲ್ಲ. ಮಗ್ಗದ ಕುಣಿಯಲ್ಲಿ ದಿನವಿಡೀ ಕೂರುವವರಿಗೆ ಅದು ನೆಗಡಿಯಷ್ಟೇ ಸಾಮಾನ್ಯ. ಅವನು ನಕ್ಕ.

"ಸೀರಿ ಸಾವ್ಕಾರಗ, ಮೂಲವ್ಯಾಧಿ ನಮಗ. ಛಲೋ ಆತ ಬಿಡು!"

ನಾನೂ ನಕ್ಕೆ.

ವರ್ಷ ಕಳೆಯುವುದರೊಳಗೆ ಸೊರಗಿ ಕಡ್ಡಿಯಾದ. ಹೊಟ್ಟೆ ಕಟ್ಟಿ ನರಳತೊಡಗಿದಾಗ ಮಿರಜಕ್ಕೆ ಒಯ್ದೆ. ಅದೇ ಡಾಕ್ಟರು, ಅದೇ ನಳಿಗೆ. ಗಂಟು ಕ್ಯಾನ್ಸರ್ ಆಗಿ ಹಬ್ಬಿಬಿಟ್ಟಿತ್ತು. ಅವರು ನನ್ನ ಗುರುತು ಹಿಡಿದು, ಅವನೆದುರೇ ಅಂದರು: "ನಿನ್ನ ಗಂಟು ತಗದಾಗನ ಹೇಳಿದ್ನಿ, ತಮ್ಮನ್ನ ಕರಕೊಂಡ ಬಾ ಅಂತ."

ತಿರುಗಿ ಬರುವ ಬಸ್ಸಿನಲ್ಲಿ ಅವನು ನನ್ನ ಪಕ್ಕದಲ್ಲೇ ಕೂತ. ಬೈದಿದ್ದರೆ — ಅಂಗಿ ಹಿಡಿದು ಜಗ್ಗಿದ್ದರೆ... ಕಡೆಗೆ ಕೇಳಿದ್ದು ಇಷ್ಟೇ:

"ಅಂದು ನಿನಗೂ ಭಾಳ ತ್ರಾಸ ಆತೇನ, ಅಣ್ಣಾ?"

ಅವನು ನಾನು ಮುಚ್ಚಿಟ್ಟದ್ದನ್ನು ನಿನ್ನ ಅವ್ವನಿಗೂ ಹೇಳದೆ ತೀರಿಹೋದ. ನೀನಾಗ ತೊಟ್ಟಿಲಲ್ಲಿದ್ದೆ.

ಈಗ ನಿನಗೆ ಅವನು ಹೋದಾಗಿನ ವಯಸ್ಸು. ರಕ್ತ ಬೀಳುವ ತನಕ ಕಾಯಬೇಡ, ಪರೀಕ್ಷೆ ಮಾಡಿಸಿಕೋ. ನನ್ನ ಮಕ್ಕಳಿಗೂ ಇವತ್ತು ಹೇಳಿದ್ದೇನೆ. ಇದನ್ನು ಓದಿದ ಮೇಲೆ ನನ್ನ ಹೊಸ್ತಿಲು ತುಳಿಯಬಾರದು ಎನಿಸಿದರೆ ತುಳಿಯಬೇಡ. ಆದರೆ ದವಾಖಾನೆಗೆ ಹೋಗು.