ತೂಕ ನೋಡದೆ ಹಾರಿಸಿದ ವಿಮಾನ

ಖಾನಾಪುರದ ನಮ್ಮ ಶಾಲೆಯ ವಿಜ್ಞಾನದ ಮಾಸ್ತರರು ನಮ್ಮಿಂದ ಫೋಮ್ ಹಾಳೆ ಕತ್ತರಿಸಿ ರಿಮೋಟ್ ವಿಮಾನ ಕಟ್ಟಿಸುತ್ತಿದ್ದರು. ರೆಕ್ಕೆಗಳಡಿ ಎರಡು ಬೆರಳಿಟ್ಟು ಎತ್ತಿ, ಅದು ಹಿಂದೆಮುಂದೆ ವಾಲದೆ ತೂಕ ಸಮನಾಗಿದ್ದರೆ ಮಾತ್ರ ಹಾರಿಸುವರು. “ಮೊದಲ ತೂಕ ನೋಡ್ರಲೇ, ಆಮ್ಯಾಲ ಹಾರಸೂಣು,” ಎನ್ನುವರು.

ಬೆಳಗಾವಿಯಿಂದ ಅಧಿಕಾರಿ ಬಂದ ದಿನ ಮುಖ್ಯೋಪಾಧ್ಯಾಯರು, “ಲಗೂನ ಹಾರಸ್ರೀ, ಸಾಹೇಬ್ರು ಹೊಂಟಾರ,” ಎಂದು ಅವಸರಪಡಿಸಿದರು. ಮಾಸ್ತರರು ತೂಕ ನೋಡದೆ ಹಾರಿಸಿದರು. ಬ್ಯಾಟರಿ ಹಿಂದಕ್ಕೆ ಸರಿದಿದ್ದ ವಿಮಾನ ಮೂಗೆತ್ತಿ, ತಿರುಗಿ, ಅಧಿಕಾರಿಯ ಚಹಾದ ಮೇಜಿನ ಮೇಲೆ ಬಿದ್ದು ಮುರಿಯಿತು.

“ಗಾಳಿ ಜೋರಿತ್ತು ಅನ್ರಿ, ವಿಮಾನದ ತರಗತಿ ಉಳೀತೈತಿ,” ಎಂದು ಮುಖ್ಯೋಪಾಧ್ಯಾಯರು ಪಿಸುಗುಟ್ಟಿದರು.

ಮಾಸ್ತರರು ಅಧಿಕಾರಿಯತ್ತ ತಿರುಗಿ, “ಗಾಳಿ ಏನ್ ಮಾಡೇತ್ರೀ ಪಾಪ? ತೂಕ ನೋಡದ ಹಾರಸಿದಾಂವ ನಾನು,” ಎಂದರು.

ಆ ವಾರವೇ ವಿಮಾನದ ತರಗತಿ ನಿಂತಿತು. ಅವಸರಪಡಿಸಿದವರನ್ನು ಇಂದಿಗೂ ಯಾರೂ ಪ್ರಶ್ನಿಸಿಲ್ಲ.