ಆಜಿಯ ತಾಳ ಹೊತ್ತು ಸಾಸವಡಕ್ಕೆ

ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ವಿಜಾಪುರದ ಕಡೆಯಿಂದ ಅಪ್ಪನ ಜೊತೆ ಪುಣೆಗೆ ಬಂದು, ಹೊಲಿಗೆ ಕಲಿತು, ಸ್ವಂತ ಮಷೀನು ಇಟ್ಟೆ. ಯಾರ ಮುಂದೆಯೂ ಕೈ ಚಾಚಲಿಲ್ಲ. ಅಪ್ಪನಿಗೆ ಲಕ್ವಾ ಹೊಡೆದು ಎಡಗಡೆ ಪೂರಾ ಬಿದ್ದುಹೋದಾಗಲೂ ಅಷ್ಟೇ. ಅವ್ವ ಮೊದಲೇ ತೀರಿದ್ದಳು, ನನಗಿನ್ನೂ ಮದುವೆಯಾಗಿರಲಿಲ್ಲ. ಅಂಗಡಿ ಬಿಟ್ಟು ಮಷೀನನ್ನು ಅಪ್ಪನ ಹೊರಸಿನ ಪಕ್ಕಕ್ಕೇ ತಂದೆ. ಮೈ ಒರೆಸುವುದು, ಮಗ್ಗುಲು ಹೊರಳಿಸುವುದು, ಉಣಿಸುವುದು ಎಲ್ಲಾ ನಾನೇ. ಬೇರೆಯವರು ತುತ್ತು ಹಿಡಿದರೆ ಅಪ್ಪ ಬಾಯಿ ತೆರೆಯುತ್ತಿರಲಿಲ್ಲ. ಒಳಗೊಳಗೇ ನನಗದು ಹೆಮ್ಮೆ.

ನಾವಿದ್ದ ವಾಡೆಯಲ್ಲಿ, ಅಂದರೆ ವಠಾರದಲ್ಲಿ, ಎದುರು ಮನೆಗೆ ಒಬ್ಬ ಮರಾಠಿ ಆಜಿ. ಪ್ರತಿ ವರ್ಷ ತಾಳ ಬಾರಿಸುತ್ತ ಸಂತರ ಪಾಲಖಿಯ ಜೊತೆ ಪಂಢರಪುರಕ್ಕೆ ನಡೆಯುವವಳು. "ಒಂದಿನ ನಾ ಕೂಡ್ತೀನಿ, ನೀ ಹೊರಗ ಹೋಗಿ ಬಾ" ಎಂದು ಎಷ್ಟೋ ಸಲ ಅಂದಿದ್ದಳು. ನಾನು ಒಪ್ಪಿರಲಿಲ್ಲ. ಆ ವರ್ಷ ಅವಳ ಮೊಣಕಾಲು ಹಿಡಿದವು. ತಾಳ ತಂದು ನನ್ನ ಮಷೀನಿನ ಮೇಲಿಟ್ಟಳು.

"ಘಾಟು ಹತ್ತಿ ಸಾಸವಡತನಕ ಒಯ್ದು, ನನ್ನ ಜೋಡಿ ನಡಿಯೂ ದಿಂಡಿಯವರ ಕೈಯಾಗ ಕೊಡು."

"ಅವರು ಪುಣೆಗೇ ಬರ್ತಾರಲ್ಲ, ಇಲ್ಲೇ ಕೊಡ್ರಿ."

"ಘಾಟು ಹತ್ತೂತನಕ ನಮ್ಮ ವಾಡೇದವರ ಕೈಯಾಗ ಇರಬೇಕು."

"ಹಂಗಂತ ಯಾರು ಹೇಳ್ಯಾರ?"

"ನಾ ಹೇಳೀನಿ."

"ಅಪ್ಪನ ತೊದಲು ನಿಮಗ ತಿಳಿಯೂದಿಲ್ಲ ಆಜಿ."

"ಹಸಿವು ತಿಳಿಯಾಕ ಮಾತು ಯಾಕ ಬೇಕೋ?"

ಉಪಕಾರ ಮಾಡುತ್ತೇನೆಂದಿದ್ದರೆ ಬೇಡವೆನ್ನುತ್ತಿದ್ದೆ. ಇದು ಕೇಳಿಕೊಂಡದ್ದು. ಅಪ್ಪನನ್ನು ಆಜಿಗೆ ಒಪ್ಪಿಸಿ ಪಾಲಖಿಯ ಜೊತೆ ಹೊರಟೆ.

ಪುಣೆಯ ಅಂಚಿನ ಹಡಪಸರದಲ್ಲಿ ಕಾಲು ನಿಂತವು. ಅಪ್ಪ ಉಂಡನೋ ಇಲ್ಲವೋ? ತಿರುಗಿ ಹೋಗಿಬಿಡಲೇ? ಕೊರಳಲ್ಲಿ ಅಳತೆಪಟ್ಟಿ ಹಾಗೇ ಉಳಿದಿತ್ತು. ಅದನ್ನು ನೋಡಿ ಪಕ್ಕದಲ್ಲಿ ನಡೆಯುತ್ತಿದ್ದ ವಾರಕರಿಯೊಬ್ಬ, "ಏನೋ ಸಿಂಪಿ, ಪಾಂಡುರಂಗನಿಗೆ ಅಂಗಿ ಹೊಲೀತೀಯೇನು? ನಡಿ!" ಎಂದ. ಸುತ್ತಲಿನವರು ನಕ್ಕರು. ನಡೆದೆ.

ಘಾಟಿನಲ್ಲಿ ಪಾಲಖಿಯ ರಥಕ್ಕೆ ಹೆಚ್ಚಿನ ಎತ್ತು ಹೂಡಿದ್ದರು. ಹಿಂದಿನ ಜೋಡಿ ಜಗ್ಗುವುದಕ್ಕೂ ಮುಂದಿನದು ಜಗ್ಗುವುದಕ್ಕೂ ಲಯ ಹೇಗೆ ಕೂಡುತ್ತದೆ ಎಂದು ನೋಡುತ್ತ ನಿಂತೆ. ಆಮೇಲೆ ಜಾಲಿಗಿಡದ ಮೇಲೊಂದು ಓತಿಕ್ಯಾತ ಕಂಡಿತು. ಅದನ್ನೂ ಮನಸ್ಸಿಗೆ ಬಂದಷ್ಟು ಹೊತ್ತು ನೋಡಿದೆ. ಯಾರೂ ಕರೆಯಲಿಲ್ಲ. ಯಾವ ಅವಸರವೂ ಇಲ್ಲದೆ ಹಾಗೆ ನಿಂತು ಎಷ್ಟು ವರ್ಷವಾಗಿತ್ತೋ.

ಸಾಸವಡದಲ್ಲಿ ತಾಳ ಒಪ್ಪಿಸಿ, ಮರುದಿನ ಒಂದು ಬಂಡಿ ಹಿಡಿದು ಬಂದೆ. ಆಜಿ ಹೊಸ್ತಿಲಲ್ಲೇ, "ಎಲ್ಲಾ ಹೊತ್ತೂ ಉಂಡಾನ" ಎಂದಳು. ಜೀವಕ್ಕೆ ಸಮಾಧಾನವಾಯಿತು, ಸ್ವಲ್ಪ ಚುರುಕ್ ಅಂತಲೂ ಅಂದಿತು.

"ಬ್ಯಾರೆಯವರ ಕೈಲೆ ಹ್ಯಾಂಗ ಉಂಡಿ ಅಪ್ಪಾ?"

ಅಪ್ಪ ಅರ್ಧ ಬಾಯಲ್ಲಿ ನಕ್ಕ. "ನಿನ್ನ ಮಾರಿ ನೋಡಿ ನೋಡಿ ನನಗೂ ಬ್ಯಾಸರಾಗಿತ್ತಲೇ. ಸೂಟಿ ನಿನಗೊಬ್ಬನಿಗೇ ಬೇಕೇನು?"

"ಮತ್ತ ಇಷ್ಟು ದಿನ ಯಾಕ ಬಾಯಿ ತಗೀಲಿಲ್ಲ?"

"ನೀ ಎದುರಿಗೇ ನಿಂತಿರ್ತಿದ್ದೆಲ್ಲ! ಉಂಡಿದ್ರ ನಿನಗ ಕೆಟ್ಟ ಅನಸ್ತಿದ್ದಿಲ್ಲೇನು?"

ನಾನು ಕೊರಳಿನ ಅಳತೆಪಟ್ಟಿ ತೆಗೆದು ಮಷೀನಿನ ಮೇಲಿಟ್ಟೆ. ಅಪ್ಪ ಕೇಳತೊಡಗಿದ. ಎತ್ತು ಎಂಥವು, ಘಾಟಿನಲ್ಲಿ ಮಳೆ ಬಂತೇ, ದಿಂಡಿಯವರು ಏನು ಉಣ್ಣುತ್ತಾರೆ? ಹೊರಸಿನ ತುದಿಗೆ ಕೂತು ಹೇಳಿದಷ್ಟೂ ಅವನಿಗೆ ಸಾಲದು.

"ಸಾಸವಡದ ಸಂತ್ಯಾಗ ಜೋಳ ಹ್ಯಾಂಗದ? ನಮ್ಮ ಕಡೀದರಂಗ ಅದ ಏನು?"

"ಸಂತಿ ನೋಡಲಿಲ್ಲಪ್ಪಾ."

"ಅಷ್ಟು ದೂರ ಹೋಗಿ ಸಂತಿ ನೋಡಲಿಲ್ಲಂತ! ಮತ್ತೊಮ್ಮೆ ಹೋಗಿ ನೋಡ್ಕೊಂಡು ಬಾ."

ನಾನು ಆಜಿಯ ಕಡೆ ತಿರುಗಿ, ಸಾಸವಡದ ಸಂತೆ ಯಾವ ವಾರ ಎಂದು ಕೇಳಿದೆ.