ಒಂದು ಕೆಲಸ, ಮೂವರು ಉದ್ಯೋಗಿಗಳು

2020ರ ನವೆಂಬರ್ 9, ಸೋಮವಾರ, ಬೆಳಿಗ್ಗೆ 7.40. ಲಾಕ್‌ಡೌನ್ ಮುಗಿದಿತ್ತು. ಹೈದರಾಬಾದಿನ ನಾಚಾರಂ ಕೈಗಾರಿಕಾ ಪ್ರದೇಶದ ಹಿಂದಿನ ಓಣಿಗಳಲ್ಲಿ ನಿರುದ್ಯೋಗಿ ಯುವಕರ ಪಟ್ಟಿ ಮಾಡಲು ಒಂದು ಖಾಸಗಿ ಸಂಸ್ಥೆ ನನ್ನನ್ನು ನೇಮಿಸಿತ್ತು. ಪಟ್ಟಿಗೆ ಬಂದವರಿಗೆ ಆರು ತಿಂಗಳ ಲೇತ್ ಮಷಿನ್ ತರಬೇತಿ, ಊಟ, ವಸತಿ ಸಿಗುತ್ತಿತ್ತು. ನಿಯಮ ಒಂದೇ: ಹಿಂದಿನ ಏಳು ದಿನಗಳಲ್ಲಿ ಒಂದು ಗಂಟೆ ದುಡಿದಿದ್ದರೂ ಅವರು ಉದ್ಯೋಗಿ.

ಮೊದಲ ಕೋಣೆಯಲ್ಲಿ ಯಾದಗಿರಿ ಕಡೆಯ ಮೂವರಿದ್ದರು. ಐಟಿಐ ಓದಿದ ಶರಣಪ್ಪನಿಗೆ ಆ ತರಬೇತಿ ಬೇಕೇ ಬೇಕಿತ್ತು.

"ಹೋದ ವಾರ ಕೆಲಸ ಮಾಡೀರೇನು?" ಎಂದೆ.

"ಎರಡ ದಿವ್ಸ ಹೋಗೀನ್ರಿ ಅಕ್ಕಾರ."

ಉಳಿದಿಬ್ಬರದೂ ಅದೇ ಉತ್ತರ. ಮೂವರೂ ಮೊದಲು ದುಡಿಯುತ್ತಿದ್ದ ಪ್ಯಾಕಿಂಗ್ ಘಟಕ ಈಗ ದಿನಕ್ಕೆ ಒಬ್ಬರನ್ನಷ್ಟೇ ಕರೆಯುತ್ತಿತ್ತು. ಆರು ದಿನಗಳನ್ನು ಪಾಳಿ ಹಾಕಿ ತಲಾ ಎರಡರಂತೆ ಹಂಚಿಕೊಂಡಿದ್ದರು.

"ಒಬ್ಬನೇ ದಿನಾ ಹೋಗಿದ್ರ ಉಳಿದಿಬ್ರು ಪಟ್ಟಿಗೆ ಬರ್ತಿದ್ರಿ" ಎಂದೆ.

ಅವರಲ್ಲೊಬ್ಬನಾದ ಮೌನೇಶ ನಕ್ಕ. "ಅಲ್ಲಿತನಕ ಇಬ್ರೂ ಮಣ್ಣ ತಿನ್ಬೇಕಾಗಿತ್ತೇನ್ರಿ? ಈ ಶರಣಪ್ಪನ ಗೊರಕಿ ಕೇಳೂದೂ ಕೆಲಸಾನ ಐತಿ, ಅದನ್ನೂ ಬರಕೋರಿ."

ಶರಣಪ್ಪ ನಗಲಿಲ್ಲ. "ಮುಂದಿನ ವಾರ ನಾ ಹೋಗಂಗಿಲ್ರಿ. ಆಗ ಬರೀತೀರೇನ್ರಿ?"

ಪಟ್ಟಿ ಆ ಶನಿವಾರವೇ ಮುಗಿಯುವುದಿತ್ತು, ಅಷ್ಟರೊಳಗೆ ಅದೇ ಕೋಣೆಯನ್ನು ಮತ್ತೆ ಕೇಳುವಂತಿರಲಿಲ್ಲ. ಮೂವರ ಮುಂದೆಯೂ 'ಉದ್ಯೋಗಿ' ಎಂದು ಬರೆದೆ. ಅದೇ ಓಣಿಯ ಸ್ವಂತ ಮನೆಗಳಲ್ಲಿ ಅಂದು ಒಂಬತ್ತು ನಿರುದ್ಯೋಗಿಗಳು ಸಿಕ್ಕರು. ಅವರು ಸುಳ್ಳು ಹೇಳಿರಲಿಲ್ಲ. ಮನೆಯ ಊಟ ಉಣ್ಣುತ್ತ ತಕ್ಕ ಕೆಲಸಕ್ಕೆ ಕಾಯಬಲ್ಲವರಾಗಿದ್ದರು.

ಸಂಜೆ ಆ ಮೂವರ ವಿಷಯ ಮೇಲ್ವಿಚಾರಕರಿಗೆ ಹೇಳಿದೆ. "ರೂಲ್ ರೂಲೇ ಅಮ್ಮಾ" ಎಂದರು. ಷರಾ ಅಂಕಣದಲ್ಲಿ ಪಾಳಿಯ ವಿಷಯವನ್ನು ನಾಲ್ಕು ಸಾಲು ಬರೆದೆ. ಕಂಪ್ಯೂಟರಿಗೆ ಏರಿಸುವಾಗ ಆ ಅಂಕಣವನ್ನು ಬಿಡುತ್ತಾರೆಂದು ನನಗೆ ತಿಳಿದದ್ದು ಆಮೇಲೆ. ತರಬೇತಿ ಶರಣಪ್ಪನಿಲ್ಲದೆ ಶುರುವಾಯಿತು.

ಡಿಸೆಂಬರ್ 14ರಂದು ಮರುಭೇಟಿಗೆ ಹೋದಾಗ ಕೋಣೆಗೆ ಬೀಗವಿತ್ತು. ಘಟಕ ಆ ಒಬ್ಬರನ್ನೂ ಕರೆಯುವುದು ನಿಲ್ಲಿಸಿದ್ದರಿಂದ ಮೂವರೂ ಊರಿಗೆ ಹೋದರೆಂದು ಮನೆ ಮಾಲಕಿ ಹೇಳಿದರು. ನಮೂನೆಯಂತೆ 'ಯಾರೂ ವಾಸವಿಲ್ಲ' ಎಂದು ಬರೆದೆ. ಹೀಗೆ ನಮ್ಮ ಲೆಕ್ಕದಲ್ಲಿ ಅವರು ಒಂದು ದಿನವೂ ನಿರುದ್ಯೋಗಿಗಳಾಗಲಿಲ್ಲ.

ನಗರದ ನಿರುದ್ಯೋಗದ ಅಂಕಿ ಕಡಿಮೆ ಕಂಡರೆ, ಅಲ್ಲಿಂದ ಹೊರಟವರು ಎಲ್ಲಿಗೆ ಹೋದರೆಂದು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಆ ಚಳಿಗಾಲದಲ್ಲಿ ಯಾದಗಿರಿ ಕಡೆ ಇಂಥ ಪಟ್ಟಿ ಮಾಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಹೈದರಾಬಾದಿನಿಂದ ಮರಳಿದ ಹುಡುಗರ ಹೆಸರಿನ ಮುಂದೆ ಏನು ಬರೆದಿರಿ ಎಂದು ದಯವಿಟ್ಟು ಈ ಪತ್ರಿಕೆಗೆ ತಿಳಿಸಿ.